ಪೆಟ್ರೋಲ್ ಪೈಪಿನ ಬಲ್ಬ್ ಚಪ್ಪಟೆಯಾದರೆ ಕಾರ್ಬೊರೇಟರ್ ಬಿಚ್ಚಬೇಡಿ: ಹಳೆ ಔಟ್‌ಬೋರ್ಡ್ ಎಂಜಿನ್ ಪ್ರಶ್ನೋತ್ತರ

ಪ್ರಶ್ನೆ (ಶಿರಿಯ ಹೊಳೆ ಬದಿಯಿಂದ):

ಅಣ್ಣಾ, ನಮ್ಮದು ಚಿಕ್ಕಪ್ಪನ ಕಾಲದ 15 ಹೆಚ್‌ಪಿ ಎಂಜಿನ್. ಟೂ ಸ್ಟ್ರೋಕ್, ಪೆಟ್ರೋಲಿನದ್ದು. ಇಪ್ಪತ್ತು ವರ್ಷ ದಾಟಿದೆ. ಸಣ್ಣ ಫೈಬರ್ ದೋಣಿಗೆ ಕಟ್ಟಿ ಹೊಳೆಯಲ್ಲೂ ಅಳಿವೆಯ ಹೊರಗೂ ಬಲೆ ಬಿಡುತ್ತೇವೆ. ಟ್ರಾಲಿಂಗ್ ನಿಷೇಧ ನಮ್ಮಂಥ ದೋಣಿಗೆ ಇಲ್ಲ ಬಿಡಿ. ಆದರೂ ಕಡಲು ಜೋರಿತ್ತು ಅಂತ ಮಳೆಗಾಲ ಪೂರ್ತಿ ಎಂಜಿನ್ ಕೊಟ್ಟಿಗೆಯಲ್ಲೇ ಇತ್ತು.

ಈಗ ಮೂರು ಸಲ ಹಗ್ಗ ಎಳೆದರೆ ಸ್ಟಾರ್ಟ್ ಆಗುತ್ತದೆ. ನಿಧಾನಕ್ಕೆ ಹೋದರೆ ತೊಂದರೆ ಇಲ್ಲ. ಫುಲ್ ಕೊಟ್ಟರೆ ನಾಲ್ಕೈದು ನಿಮಿಷದಲ್ಲಿ ದಮ್ಮು ಕಟ್ಟಿದ ಹಾಗೆ ಆಗಿ ನಿಂತುಬಿಡುತ್ತದೆ. ಹತ್ತು ನಿಮಿಷ ಬಿಟ್ಟು ಎಳೆದರೆ ಮತ್ತೆ ಸ್ಟಾರ್ಟ್. ಮತ್ತೆ ಅದೇ ಕಥೆ. ಪೇಟೆಯಲ್ಲಿ ಒಬ್ಬರು ಕಾರ್ಬೊರೇಟರ್ ಬಿಚ್ಚಿ ತೊಳೆದು, ಪ್ಲಗ್ ಬದಲಿಸಿ 1,800 ರೂಪಾಯಿ ತಗೊಂಡರು. ಮರುದಿನ ಅಳಿವೆ ಬಾಯಿಯಲ್ಲೇ ನಿಂತಿತು. ಹುಟ್ಟು ಹಾಕಿ ವಾಪಸ್ ಬರುವಷ್ಟರಲ್ಲಿ ಕೈ ಬಿದ್ದುಹೋಯಿತು. ಟ್ಯಾಂಕಿನಲ್ಲಿ ಮೇ ತಿಂಗಳ ಪೆಟ್ರೋಲ್ ಸುಮಾರು 8 ಲೀಟರ್ ಇತ್ತು. ಅದರ ಮೇಲೆಯೇ ಹೊಸತು ಹಾಕಿದ್ದೇವೆ. ಇನ್ನು ಎಂಜಿನ್ ಬಿಚ್ಚಿಸಬೇಕಾ?

ಉತ್ತರ (ಔಟ್‌ಬೋರ್ಡ್ ಮೆಕ್ಯಾನಿಕ್, ಮಂಜೇಶ್ವರ):

ಎಂಜಿನ್ ಬಿಚ್ಚಿಸಬೇಡಿ ಮಾರಾಯ್ರೆ. ಕಾರ್ಬೊರೇಟರ್ ಕೂಡ ಇನ್ನೊಮ್ಮೆ ಬಿಚ್ಚಬೇಡಿ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ.

ನಮ್ಮೂರಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ನೋಡಿದ್ದೀರಲ್ವಾ? ಒಳಗಿನಿಂದ ಹನಿಹನಿಯಾಗಿ ಬಂದು ಹೊರಗಿನ ಗುಂಡಿ ತುಂಬುತ್ತದೆ. ಕೊಡದಲ್ಲಿ ಮೆಲ್ಲ ಮೊಗೆದರೆ ದಿನವಿಡೀ ನೀರು. ಪಂಪ್ ಇಟ್ಟರೆ ಐದು ನಿಮಿಷದಲ್ಲಿ ಬರಿದು. ನಿಮ್ಮ ಎಂಜಿನ್‌ಗೂ ಅದೇ ಆಗುತ್ತಿದೆ. ಕಾರ್ಬೊರೇಟರಿನ ಬಟ್ಟಲಲ್ಲಿ ಇರುವ ಪೆಟ್ರೋಲ್ ಫುಲ್ ಥ್ರಾಟಲ್‌ಗೆ ಒಂದು ನಿಮಿಷವೂ ಸಾಲುವುದಿಲ್ಲ. ಪೆಟ್ರೋಲ್ ಪೂರ್ತಿ ಕಟ್ಟಿದ್ದರೆ ನಾಲ್ಕೈದು ನಿಮಿಷ ಓಡುತ್ತಲೇ ಇರಲಿಲ್ಲ. ಅಂದರೆ ಬರುತ್ತಿದೆ, ಆದರೆ ಸಾಲದು. ಎಲ್ಲೋ ಅರ್ಧ ಕಟ್ಟಿದೆ, ಇಲ್ಲವೇ ಟ್ಯಾಂಕಿನೊಳಗೆ ಗಾಳಿ ಹೋಗದೆ ಎಳೆತ ಬಿಗಿಯಾಗುತ್ತಿದೆ.

ದಮ್ಮು ಕಟ್ಟಿ ನಿಲ್ಲುತ್ತದೆ ಎಂದಿರಲ್ಲ, ಅದೂ ಮುಖ್ಯ. ಸ್ವಿಚ್ ಆರಿಸಿದ ಹಾಗೆ ಟಪ್ಪಂತ ನಿಂತಿದ್ದರೆ ನಾನು ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಕಡೆ ನೋಡುತ್ತಿದ್ದೆ.

ಎಂಜಿನ್ ಮೇಲಿನ ಪೆಟ್ರೋಲ್ ಪಂಪ್‌ಗೆ ಮೋಟಾರ್ ಏನೂ ಇಲ್ಲ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುವಾಗ ಒಂದು ತೆಳು ಪೊರೆ (ಡಯಾಫ್ರಾಮ್) ಹಿಂದೆ ಮುಂದೆ ಆಡುತ್ತದೆ, ಅಷ್ಟೇ. ಅದರ ಎಳೆತ ಬಹಳ ಕಡಿಮೆ. ದಾರಿಯಲ್ಲಿ ಸ್ವಲ್ಪ ಕಸ ಸಿಕ್ಕಿದರೂ ಸೋಲುತ್ತದೆ. ಹಾಗಾಗಿ ಹುಡುಕುವುದು ಯಾವಾಗಲೂ ಟ್ಯಾಂಕಿನ ಮುಚ್ಚಳದಿಂದ ಎಂಜಿನ್ ಕಡೆಗೆ. ನಮ್ಮವರು ಮಾಡುವುದು ಉಲ್ಟಾ. ಕಾರ್ಬೊರೇಟರ್ ಕಣ್ಣಿಗೆ ಕಾಣುತ್ತದೆ, ಬಿಚ್ಚಿದರೆ ಕೆಲಸ ಮಾಡಿದ ಹಾಗೂ ಕಾಣುತ್ತದೆ!

ಈ ಪರೀಕ್ಷೆ ಮಾಡಿ. ಕಡಲಿನಲ್ಲಿ ಬೇಡ. ಡ್ರಮ್ಮಿನಲ್ಲಿ ಇಟ್ಟು ಓಡಿಸಿದರೂ ಪ್ರಯೋಜನ ಇಲ್ಲ, ಭಾರ ಬೀಳದಿದ್ದರೆ ಈ ದೋಷ ಕಾಣುವುದಿಲ್ಲ. ಹೊಳೆಯಲ್ಲಿ ದೋಣಿಯನ್ನು ಗಟ್ಟಿ ಹಗ್ಗದಲ್ಲಿ ಹಿಂದಿನಿಂದ ಕಟ್ಟಿ, ಗೇರ್ ಹಾಕಿ ಫುಲ್ ಕೊಡಿ. ಫ್ಯಾನ್ (ಪ್ರೊಪೆಲ್ಲರ್) ಹತ್ತಿರ ಯಾರೂ ನೀರಿಗೆ ಇಳಿಯಬಾರದು. ಒಬ್ಬರು ಎಂಜಿನ್ ಹಿಡಿಯಲಿ, ಇನ್ನೊಬ್ಬರು ಪೈಪಿನ ನಡುವೆ ಇರುವ, ಕೈಯಲ್ಲಿ ಒತ್ತಿ ಪೆಟ್ರೋಲ್ ತುಂಬಿಸುವ ರಬ್ಬರ್ ಬಲ್ಬ್ ಹಿಡಿಯಲಿ. ದಮ್ಮು ಕಟ್ಟಲು ಶುರುವಾದ ಕ್ಷಣದಲ್ಲೇ ಬಲ್ಬ್ ಹೇಗಿದೆ ನೋಡಬೇಕು. ನಿಂತ ಮೇಲೆ ನೋಡಿದರೆ ಗೊತ್ತಾಗುವುದಿಲ್ಲ.

ಬಲ್ಬ್ ಚಪ್ಪಟೆಯಾಗಿ ಒಳಗೆ ಎಳೆದುಕೊಂಡಿದ್ದರೆ ತೊಂದರೆ ಟ್ಯಾಂಕಿನ ಕಡೆ. ಆಗ ತಕ್ಷಣ ಟ್ಯಾಂಕಿನ ಮುಚ್ಚಳ ಸಡಿಲಿಸಿ. ಸುಂಯ್ ಎಂದು ಗಾಳಿ ಒಳಗೆ ಹೋದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದರ್ಥ. ಸ್ಕ್ರೂ ತಿರುಗಿದ ಮಾತ್ರಕ್ಕೆ ತೂತು ತೆರೆದಿದೆ ಎಂದು ನಂಬಬೇಡಿ, ಉಪ್ಪು ಕಟ್ಟಿರುತ್ತದೆ. ಬಲ್ಬ್ ದುಂಡಗೇ ಇದ್ದು, ನೀವು ಅದನ್ನು ಒತ್ತಿದಾಗ ಎಂಜಿನ್‌ಗೆ ಜೀವ ಬಂದರೆ ಪಂಪಿನ ಡಯಾಫ್ರಾಮ್ ಸೋತಿದೆ, ಇಲ್ಲವೇ ಪೈಪಿನ ಕನೆಕ್ಟರ್‌ನಲ್ಲಿ ರಬ್ಬರ್ ಉಂಗುರ (ಓರಿಂಗ್) ಸವೆದು ಗಾಳಿ ಎಳೆಯುತ್ತಿದೆ. ಒತ್ತಿದರೆ ಬಲ್ಬ್ ಗಟ್ಟಿಯಾಗುತ್ತದೆ, ಆದರೂ ಎಂಜಿನ್ ಸಾಯುತ್ತದೆ ಎಂದಾದರೆ ಮಾತ್ರ ಕಾರ್ಬೊರೇಟರ್ ಮೇಲೆ ಸಂಶಯ ಪಡಿ. ಆಗ ಚೋಕ್ ಅರ್ಧ ಎಳೆದು ನೋಡಿ. ಚೇತರಿಸಿದರೆ ಜೆಟ್, ಅಂದರೆ ಪೆಟ್ರೋಲ್ ಹೋಗುವ ಸಣ್ಣ ತೂತು, ಕಟ್ಟಿದೆ.

ಒಂದು ಎಚ್ಚರಿಕೆ. ಚೋಕ್ ಎಳೆದುಕೊಂಡೇ ದಿನ ದೂಡುವವರು ಇದ್ದಾರೆ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಯಲ್ಲೇ. ಪೆಟ್ರೋಲ್ ಕಡಿಮೆ ಬಂದರೆ ಆಯಿಲ್ ಕೂಡ ಕಡಿಮೆ. ಹಾಗೇ ಫುಲ್ ಓಡಿಸಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಆಮೇಲೆ 1,800ರಲ್ಲಿ ಮುಗಿಯುವುದಿಲ್ಲ.

ಇನ್ನು ಆ ಹಳೆ ಪೆಟ್ರೋಲ್. ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟಲಿಯಲ್ಲಿ ಒಂದು ಗಂಟೆ ಅಲುಗಾಡದ ಹಾಗೆ ಇಡಿ. ಬೀಡಿ, ಒಲೆ, ದೀಪ ಯಾವುದೂ ಹತ್ತಿರ ಬೇಡ. ತಳದಲ್ಲಿ ಬೇರೆ ಪದರ ಕಂಡರೆ ನನಗೆ ತಿಳಿಸಿ.

ಪ್ರಶ್ನೆ ಕೇಳಿದವರು:

ಅಣ್ಣಾ, ಹೇಳಿದ ಹಾಗೇ ಮಾಡಿದೆವು. ತಮ್ಮ ಬಲ್ಬ್ ಹಿಡಿದ. ಐದನೇ ನಿಮಿಷಕ್ಕೆ ಬಲ್ಬ್ ಒಣಗಿದ ಪುನರ್ಪುಳಿ ಸಿಪ್ಪೆಯ ಹಾಗೆ ಆಯಿತು! ಮುಚ್ಚಳ ಬಿಚ್ಚಿದರೆ ಶಬ್ದ ಏನೂ ಬರಲಿಲ್ಲ. ಬಾಟಲಿಯಲ್ಲಿ ಕೆಳಗೆ ಎರಡು ಬೆರಳಿನಷ್ಟು ಬಿಳಿಚಿಕೊಂಡ ನೀರಿನಂಥದ್ದು, ಮೇಲೆ ಆಯಿಲ್ ಬಣ್ಣದ ಪೆಟ್ರೋಲ್. ಟ್ಯಾಂಕ್ ಮುಚ್ಚಿಯೇ ಇಟ್ಟಿದ್ದೆವು, ಮಳೆ ನೀರು ಹೋಗಲು ಸಾಧ್ಯವೇ ಇಲ್ಲ.

ಉತ್ತರ:

ಶಬ್ದ ಬರಲಿಲ್ಲ ಎಂದರೆ ಗಾಳಿ ತೂತು ಸರಿ ಇದೆ. ಕಟ್ಟಿರುವುದು ಟ್ಯಾಂಕಿನ ಒಳಗಿನ ಎಳೆಯುವ ಕೊಳವೆಯ ಜಾಲರಿಯಲ್ಲಿ, ಅಥವಾ ಅಲ್ಲಿಂದ ಬಲ್ಬ್‌ವರೆಗಿನ ಪೈಪಿನಲ್ಲಿ. ಎರಡನ್ನೂ ನೋಡಿ.

ನೀರಿನ ಕಥೆ ಹೀಗೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಶೇಕಡಾದಷ್ಟು ಎಥನಾಲ್ ಇರುತ್ತದೆ. ಎಥನಾಲ್‌ಗೆ ನೀರು ಎಂದರೆ ಪ್ರೀತಿ. ಅರ್ಧ ತುಂಬಿದ ಟ್ಯಾಂಕ್, ಮುಚ್ಚಳ ಹಾಕಿದ್ದರೂ ಬಹುಶಃ ತೆರೆದೇ ಉಳಿದ ಗಾಳಿ ತೂತಿನ ಸ್ಕ್ರೂ, ನಮ್ಮ ಆಟಿ (ಆಷಾಢ) ತಿಂಗಳ ತೇವ. ಮೂರು ತಿಂಗಳಲ್ಲಿ ಟ್ಯಾಂಕಿಗೆ ನೀರು ಸೇರಬಹುದು. ನೀರು ಒಂದು ಮಿತಿ ದಾಟಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗಿ ಕೂರುತ್ತದೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ ಎಳೆಯುವುದು ತಳದಿಂದ, ಅಲ್ವಾ? ಅಂದರೆ ಆಯಿಲ್ ಇಲ್ಲದ ನೀರು ಮಿಶ್ರಣ ಒಳಗೆ ಹೋಗುತ್ತದೆ. ಅಳಿವೆ ಬಾಯಿಯಲ್ಲಿ ನಿಂತದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು.

ತಲಪಾಡಿ ಗಡಿ ದಾಟಿ ಕರ್ನಾಟಕದ ಬಂಕಿನಿಂದ ತುಂಬಿಸಿ ತರುವವರಿಗೂ ಒಂದು ಮಾತು. ಅಲ್ಲಿ ದರ ಕಡಿಮೆ ನಿಜ. ಆದರೆ ಕ್ಯಾನ್‌ಗಟ್ಟಲೆ ತಂದು ತಿಂಗಳುಗಟ್ಟಲೆ ಇಟ್ಟರೆ ಉಳಿಸಿದ ಹಣ ನನ್ನ ಕೈಗೆ ಬರುತ್ತದೆ.

ಆ ಪೆಟ್ರೋಲಿಗೆ ಹೊಸತು ಸೇರಿಸಿ ಸರಿ ಮಾಡಲು ಆಗುವುದಿಲ್ಲ. ಪೂರ್ತಿ ತೆಗೆಯಿರಿ. ಹೊಳೆಗೂ ತೋಟಕ್ಕೂ ಚೆಲ್ಲಬೇಡಿ, ಒಲೆಗಂತೂ ಮುಟ್ಟಿಸಲೇಬೇಡಿ. ಗ್ಯಾರೇಜಿನಲ್ಲಿ ಹಳೆ ಆಯಿಲ್ ಒಟ್ಟು ಮಾಡುವವರನ್ನು ಕೇಳಿ. ಟ್ಯಾಂಕನ್ನು ಒಂದು ಲೀಟರ್ ಹೊಸ ಪೆಟ್ರೋಲಿನಲ್ಲಿ ಕುಲುಕಿ ತೊಳೆದು, ನೆರಳಿನಲ್ಲಿ ಒಣಗಿಸಿ. ಜಾಲರಿ ತೊಳೆಯಿರಿ. ಪೈಪನ್ನು ಬಲ್ಬ್ ಸಮೇತ ಬದಲಿಸಿ. ಹಳೆ ರಬ್ಬರ್ ಎಥನಾಲ್‌ಗೆ ಊದಿಕೊಳ್ಳುತ್ತದೆ. ಹೊರಗೆ ಚಂದ ಕಂಡರೂ ಒಳಗಿನ ಪದರ ಎದ್ದು ಎಳೆತಕ್ಕೆ ಮುಚ್ಚಿಕೊಳ್ಳುತ್ತದೆ. ಹೊಸ ಬಲ್ಬ್ ಹಾಕುವಾಗ ಅದರ ಮೇಲಿನ ಬಾಣ ಎಂಜಿನ್ ಕಡೆ ಇರಬೇಕು. ನಗಬೇಡಿ, ಉಲ್ಟಾ ಹಾಕಿ ತಂದವರು ಇದ್ದಾರೆ. ಎಂಜಿನ್ ಮೇಲಿನ ಸಣ್ಣ ಫಿಲ್ಟರ್ ಮತ್ತು ಕಾರ್ಬೊರೇಟರ್ ಬಟ್ಟಲಿನ ತಳದ ಸ್ಕ್ರೂ ಬಿಚ್ಚಿ ಅಲ್ಲಿನ ನೀರನ್ನೂ ಇಳಿಸಿ.

ನಡುವೆ ಒಬ್ಬರು:

ಆಯಿಲ್ ಸ್ವಲ್ಪ ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೆಯದಲ್ವಾ? ನಾವು ಸ್ಕೂಟರಿನ 2ಟಿ ಆಯಿಲನ್ನೇ ಕೈಯಂದಾಜಿಗೆ ಹಾಕುವುದು.

ಉತ್ತರ:

ಕೈಯಂದಾಜು ಸಾರಿಗೆ ಸರಿ. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ 50ಕ್ಕೆ 1. ಲೀಟರಿಗೆ 20 ಮಿಲಿ, 20 ಲೀಟರಿಗೆ 400 ಮಿಲಿ. ನಿಮ್ಮ ಎಂಜಿನ್ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಕೊನೆ ಮಾತು. ಆಯಿಲ್ ಜಾಸ್ತಿಯಾದರೆ ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಅಷ್ಟೇ ಅಲ್ಲ, ಆಯಿಲ್ ಕೂತ ಜಾಗದಷ್ಟು ಪೆಟ್ರೋಲ್ ಕಡಿಮೆಯಾಗುತ್ತದೆ. ಸ್ಕೂಟರ್ ಆಯಿಲ್ ಗಾಳಿಯಲ್ಲಿ ತಣಿಯುವ ಎಂಜಿನ್‌ಗೆ ಮಾಡಿದ್ದು. ನಮ್ಮದು ನೀರಿನಲ್ಲಿ ತಣಿಯುವುದು. ಡಬ್ಬದ ಮೇಲೆ ಟಿಸಿ-ಡಬ್ಲ್ಯೂ3 ಎಂದು ಇರುವುದನ್ನೇ ತಗೊಳ್ಳಿ.

ಇನ್ನೊಬ್ಬರು (ಚಂದ್ರಗಿರಿ ಹೊಳೆ ಕಡೆಯಿಂದ):

ನಮ್ಮದು 9.9 ಹೆಚ್‌ಪಿ ಸೀಮೆಎಣ್ಣೆ ಎಂಜಿನ್. ಸಂಜೆ ಚೆನ್ನಾಗಿ ಓಡಿ ಬರುತ್ತದೆ. ಬೆಳಿಗ್ಗೆ ಐವತ್ತು ಸಲ ಎಳೆದರೂ ಏಳುವುದಿಲ್ಲ. ಇದೂ ನೀರಿನದ್ದೇ ತೊಂದರೆಯಾ?

ಉತ್ತರ:

ಇರಬಹುದು, ಬ್ಯಾರೆಲ್ ಸೀಮೆಎಣ್ಣೆಯಲ್ಲಿ ನೀರು ಹೊಸತಲ್ಲ. ಆದರೆ ಇಂಥ ಎಂಜಿನ್ ಸ್ಟಾರ್ಟ್ ಮಾಡುವುದು ಪೆಟ್ರೋಲಿನಲ್ಲಿ, ಬಿಸಿಯಾದ ಮೇಲೆ ಓಡಿಸುವುದು ಸೀಮೆಎಣ್ಣೆಯಲ್ಲಿ. ಹಾಗಾಗಿ ಮೊದಲು ಒಂದು ಕೇಳುತ್ತೇನೆ. ಸಂಜೆ ದಡಕ್ಕೆ ಬರುವಾಗ ಪೆಟ್ರೋಲಿಗೆ ಬದಲಿಸಿ ನಿಲ್ಲಿಸುತ್ತೀರಾ, ಸೀಮೆಎಣ್ಣೆಯಲ್ಲೇ ನಿಲ್ಲಿಸುತ್ತೀರಾ? ಸೀಮೆಎಣ್ಣೆಯಲ್ಲೇ ನಿಲ್ಲಿಸಿದರೆ ಬಟ್ಟಲಲ್ಲಿ ಅದೇ ಉಳಿಯುತ್ತದೆ. ತಣ್ಣಗಿನ ಎಂಜಿನ್‌ನಲ್ಲಿ ಸೀಮೆಎಣ್ಣೆ ಆವಿಯಾಗುವುದಿಲ್ಲ, ಕಿಡಿ ಇದ್ದರೂ ಹೊತ್ತುವುದಿಲ್ಲ. ನಿಲ್ಲಿಸುವ ಮೊದಲು ಕೆಲವು ನಿಮಿಷ ಪೆಟ್ರೋಲಿನಲ್ಲಿ ಓಡಿಸಿ. ಬೆಳಿಗ್ಗೆಯೂ ಎಂಜಿನ್ ಬಿಸಿಯಾಗುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಬೇಡಿ. ಪೆಟ್ರೋಲ್ ಉಳಿಸುವ ಆಸೆಗೆ ಎಲ್ಲರೂ ಇದನ್ನೇ ಮಾಡುವುದು. ನಾಳೆ ಬೆಳಿಗ್ಗೆ ಮಾತ್ರ ಬಟ್ಟಲಿನ ಸ್ಕ್ರೂ ಬಿಚ್ಚಿ ಅಲ್ಲಿನ ಸೀಮೆಎಣ್ಣೆ ಇಳಿಸಿ, ಪ್ಲಗ್ ಒಣಗಿಸಿ, ಪೆಟ್ರೋಲಿನಲ್ಲಿ ಎಳೆಯಿರಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):

ಅಣ್ಣಾ, ಜಾಲರಿಯಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು ಇತ್ತು. ಪೈಪ್ ಕೊಯ್ದು ನೋಡಿದರೆ ಒಳಗಿನ ಪದರ ಸಡಿಲವಾಗಿ ಜೋತುಬಿದ್ದಿತ್ತು. ಎಲ್ಲ ಹೊಸತು ಹಾಕಿ ಅರ್ಧ ಗಂಟೆ ಫುಲ್ ಓಡಿಸಿದೆವು. ನಿಲ್ಲಲಿಲ್ಲ. ಆದರೆ ಈಗ ಹೊಸ ರಗಳೆ. ಬಲೆ ಎಳೆಯುವಾಗ ಸ್ಲೋ ಮಾಡಿದರೆ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಮೊದಲು ಹೀಗೆ ಇರಲಿಲ್ಲ.

ಉತ್ತರ:

ಪೈಪಿನ ಚೂರು ಅಥವಾ ಆ ಅಂಟು ಮುಂದೆ ಹೋಗಿ ಸ್ಲೋ ಜೆಟ್‌ನಲ್ಲಿ ಕೂತಿರಬೇಕು. ಫುಲ್‌ನಲ್ಲಿ ಪೆಟ್ರೋಲ್ ಹೋಗುವುದು ದೊಡ್ಡ ಜೆಟ್‌ನಿಂದ, ಸ್ಲೋದಲ್ಲಿ ಕೂದಲೆಳೆಯಂಥ ಸಣ್ಣ ದಾರಿಯಿಂದ. ಮೊದಲು ಕಟ್ಟುವುದು ಅದೇ. ಈಗ ಕಾರ್ಬೊರೇಟರ್ ಬಿಚ್ಚಬಹುದು, ಸಂತೋಷವಾಗಿ ಬಿಚ್ಚಿ.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸಣ್ಣ ಸ್ಕ್ರೂ ಇದೆಯಲ್ಲ, ಅದನ್ನು ಸೀದಾ ಬಿಚ್ಚಬೇಡಿ. ಮೊದಲು ಮೆಲ್ಲ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಡಿ. ಬಿಗಿದರೆ ಅದರ ತುದಿ ಹಾಳಾಗುತ್ತದೆ. ಆಮೇಲೆ ಬಿಚ್ಚಿ, ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆಯಿರಿ. ಕಣ್ಣಿಗೆ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಜೆಟ್ ತೂತಿಗೆ ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದ್ದು, ತೂತು ದೊಡ್ಡದಾದರೆ ಮುಗಿಯಿತು. ಅಂಟು ಹಿಡಿದಿದ್ದರೆ ನಿಮ್ಮ ಬಲೆಯ ತೆಳು ನೈಲಾನ್ ತಂಗೂಸಿನ ತುಂಡು ಸಾಕು. ಬೆಳಕಿಗೆ ಹಿಡಿದರೆ ತೂತು ದುಂಡಗೆ ಕಾಣಬೇಕು. ಮತ್ತೆ ಜೋಡಿಸುವಾಗ ಆ ಸ್ಕ್ರೂ ತಳ ಮುಟ್ಟಿಸಿ, ಬರೆದಿಟ್ಟಷ್ಟೇ ಸುತ್ತು ಹೊರಗೆ ತನ್ನಿ. ಬಟ್ಟಲಿನ ಗ್ಯಾಸ್ಕೆಟ್ ಹರಿದಿದ್ದರೆ ಹೊಸತು ಹಾಕಿ. ಜೋಡಿಸಿದ ಮೇಲೆ ಬಲ್ಬ್ ಗಟ್ಟಿಯಾಗುವವರೆಗೆ ಒತ್ತಿ, ಎಲ್ಲಾದರೂ ಪೆಟ್ರೋಲ್ ಹನಿಯುತ್ತದಾ ಎಂದು ಐದು ನಿಮಿಷ ನೋಡಿ, ಆಮೇಲೆ ಹಗ್ಗ ಎಳೆಯಿರಿ.