ಮೇಘನಾಳ ರಕ್ತಪರೀಕ್ಷೆಯ ವರದಿಯ ಬಗ್ಗೆ

ಚಂದ್ರಕಲಕ್ಕ, ನಮಸ್ಕಾರ. ಗುಂಪಿನಲ್ಲಿರುವ ಹಿರಿಯರಿಗೂ ನಮಸ್ಕಾರ. ಜಯನಗರದ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿ ಸೇರಲಿರುವ ಮೇಘನಾಳ ವರದಿಯನ್ನು ನೀವು ನಿನ್ನೆ ರಾತ್ರಿ ಇಲ್ಲಿ ಹಾಕಿ, ಹೆಪಟೈಟಿಸ್ ಬಿ ರಿಯಾಕ್ಟಿವ್ ಎಂದು ಬಂದಿದೆ, ಮಗಳಿಗೆ ಕಾಮಾಲೆ ತಗುಲಿದೆಯೇ ಎಂದು ಕೇಳಿದ್ದೀರಿ. ಪದ್ಮ ಚಿಕ್ಕಮ್ಮ ನೆಲನೆಲ್ಲಿಯ ಕಷಾಯ ಸೂಚಿಸಿದ್ದಾರೆ. ಶಿವಣ್ಣ ಭಾವ, ಗಂಡಿನ ಕಡೆಯವರ ಕಿವಿಗೆ ಬೀಳದಂತೆ ನೋಡಿಕೊಳ್ಳಿ ಎಂದಿದ್ದಾರೆ. ಪ್ರಯೋಗಾಲಯದಲ್ಲಿ ಇಂಥ ವರದಿಗಳನ್ನೇ ಬರೆದು ನಿವೃತ್ತನಾದವನು ನಾನು. ಮೇಘನಾಳಿಗೆ ಕಾಯಿಲೆಯಿಲ್ಲ. ಕಷಾಯವೂ ಬೇಡ, ಮುಚ್ಚುಮರೆಯೂ ಬೇಡ.

ವರದಿಯಲ್ಲಿ ಎರಡು ಸಾಲುಗಳಿವೆ. ಮೊದಲನೆಯದು ಎಚ್‌ಬಿಎಸ್‌ಎಜಿ, ಅಂದರೆ ಯಕೃತ್ತಿಗೆ ತಗುಲುವ ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚದ ಪ್ರೋಟೀನು. ಅದು ರಕ್ತದಲ್ಲಿ ಸಿಕ್ಕಿದರೆ ಸೋಂಕು ಇದೆ ಎಂದರ್ಥ, ಮತ್ತು ಮೇಘನಾಳ ವರದಿಯಲ್ಲಿ ಅದರ ಮುಂದೆ ನಾನ್ ರಿಯಾಕ್ಟಿವ್, ಅಂದರೆ ಸಿಕ್ಕಿಲ್ಲ, ಎಂದೇ ಇದೆ. ಎರಡನೆಯ ಸಾಲಿನಲ್ಲಿರುವ ಆ್ಯಂಟಿ ಎಚ್‌ಬಿಎಸ್, ಆ ಪ್ರೋಟೀನಿನ ವಿರುದ್ಧ ದೇಹ ತಯಾರಿಸಿಕೊಂಡ ಪ್ರತಿಕಾಯ. ರಿಯಾಕ್ಟಿವ್ ಎಂದು ಬಂದಿರುವುದು ಇದು, ಪ್ರಮಾಣ 186. ಪ್ರತಿ ಮಿಲಿಲೀಟರಿಗೆ 10 ಮಿಲಿ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ರಕ್ಷಣೆಯಿದೆ ಎಂದು ಪರಿಗಣಿಸುತ್ತಾರೆ. ನರ್ಸಿಂಗ್ ಓದುವಾಗ ಹಾಕಿಸಿಕೊಂಡ ಮೂರು ಡೋಸ್ ಲಸಿಕೆ ಫಲ ಕೊಟ್ಟಿದೆ, ಅಷ್ಟೇ. ಹಿಂದೆಂದೋ ಸೋಂಕು ಬಂದು ವಾಸಿಯಾದವರಲ್ಲಿಯೂ ಈ ಪ್ರತಿಕಾಯ ಇರುತ್ತದೆ, ಆದರೆ ಅಂಥವರಲ್ಲಿ ವೈರಸ್ಸಿನ ಒಳತಿರುಳಿನ ವಿರುದ್ಧದ ಇನ್ನೊಂದು ಪ್ರತಿಕಾಯವೂ ಸಿಗುತ್ತದೆ. ಲಸಿಕೆಯಲ್ಲಿ ಇರುವುದು ಹೊರಕವಚದ ಪ್ರೋಟೀನು ಮಾತ್ರವಾದ್ದರಿಂದ ಅದರಿಂದ ಈ ಎರಡನೆಯದು ಹುಟ್ಟುವುದಿಲ್ಲ. ಮೇಘನಾಳ ಬಳಿ ಲಸಿಕೆಯ ದಾಖಲೆ ಇರುವುದರಿಂದ ಆ ಪರೀಕ್ಷೆಯ ಅಗತ್ಯ ನನಗೆ ಕಾಣುವುದಿಲ್ಲ.

ಆಸ್ಪತ್ರೆಯವರು ಇದನ್ನೆಲ್ಲ ಕೇಳುವುದು ಸೂಜಿಯ ಭಯದಿಂದ. ಹೆಪಟೈಟಿಸ್ ಬಿ ಇರುವ ರೋಗಿಗೆ ಚುಚ್ಚಿದ ಸೂಜಿ ಲಸಿಕೆಯಿಲ್ಲದ ಸಿಬ್ಬಂದಿಗೆ ಚುಚ್ಚಿದರೆ, ರೋಗಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದರ ಮೇಲೆ, ನೂರಕ್ಕೆ 6ರಿಂದ 30 ಜನರಿಗೆ ಸೋಂಕು ತಗುಲಬಹುದು. ನಾವೆಲ್ಲ ಹೆಚ್ಚು ಹೆದರುವ ಎಚ್‌ಐವಿಯ ವಿಷಯದಲ್ಲಿ ಅದು ಸಾವಿರಕ್ಕೆ ಸುಮಾರು 3. ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಸ್ ಕನಿಷ್ಠ ಏಳು ದಿನ ಉಳಿಯಬಲ್ಲದು. 186 ಇರುವ ಮೇಘನಾಳಿಗೆ ನಾಳೆ ಸೂಜಿ ಚುಚ್ಚಿದರೂ, ಹೆಪಟೈಟಿಸ್ ಬಿ ಮಟ್ಟಿಗೆ ಸೋಪು ನೀರಿನಲ್ಲಿ ತೊಳೆದು, ಮೇಲಿನವರಿಗೆ ವರದಿ ಮಾಡಿದರೆ ಸಾಕು. ವರ್ಷಗಳು ಕಳೆದಂತೆ ಈ ಸಂಖ್ಯೆ ಇಳಿಯುವುದು ಸಹಜ. ಒಮ್ಮೆ 10 ದಾಟಿದ್ದಕ್ಕೆ ದಾಖಲೆ ಇದ್ದರೆ, ಆರೋಗ್ಯವಂತರಿಗೆ ಆಮೇಲೆ ಬೂಸ್ಟರ್ ಬೇಕಾಗುವುದಿಲ್ಲ. ಆದ್ದರಿಂದ ಅಕ್ಕ, ಈ ಕಾಗದವನ್ನು ಅವಳ ಅಂಕಪಟ್ಟಿಗಳ ಜೊತೆಯಲ್ಲೇ ಜೋಪಾನವಾಗಿಡಿ.

ಕೋವಿಡ್ ಕಾಲದಲ್ಲಿ ಪ್ರತಿಕಾಯ ಇದೆ ಎಂದು ಬಂದವರೂ ಮತ್ತೆ ಕಾಯಿಲೆ ಬಿದ್ದರಲ್ಲ, ಇದನ್ನು ಹೇಗೆ ನಂಬುವುದು ಎಂದು ಗಿರೀಶ ಕೇಳಿದ್ದಾನೆ. ನ್ಯಾಯವಾದ ಪ್ರಶ್ನೆ. 2021ರ ಜೂನ್–ಜುಲೈನಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಡೆಸಿದ ನಾಲ್ಕನೆಯ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆರೋಗ್ಯ ಕಾರ್ಯಕರ್ತರ ಪೈಕಿ ಶೇ. 85ರಷ್ಟು ಜನರಲ್ಲಿ ಕೋವಿಡ್ ಪ್ರತಿಕಾಯ ಕಂಡುಬಂದಿತ್ತು. ಸೋಂಕು ಮತ್ತು ಲಸಿಕೆ ಎರಡೂ ಸೇರಿ ಎಷ್ಟು ಜನರನ್ನು ತಲುಪಿವೆ ಎಂಬುದನ್ನು ಅದು ತಿಳಿಸಿತೇ ಹೊರತು, ಇಷ್ಟಿದ್ದರೆ ನೀನು ಸುರಕ್ಷಿತ ಎಂದು ಒಬ್ಬೊಬ್ಬರಿಗೂ ಹೇಳಬಲ್ಲ ಗೆರೆ ಕೋವಿಡ್‌ಗೆ ಇರಲಿಲ್ಲ, ವೈರಸ್ಸೂ ರೂಪ ಬದಲಿಸುತ್ತಲೇ ಇತ್ತು. ಹೆಪಟೈಟಿಸ್ ಬಿ ಬಹುಮಟ್ಟಿಗೆ ಸ್ಥಿರವಾದ ವೈರಸ್ಸು, ಅದಕ್ಕೆ 10ರ ಗೆರೆಯೂ ಇದೆ.

ನನಗೆ ನಿಜವಾಗಿ ಯೋಚನೆಯಾಗಿರುವುದು ವಿನಯನ ವಿಷಯದಲ್ಲಿ. ಮೇಘನಾಳ ವರದಿಯ ಗದ್ದಲದ ನಡುವೆ ಅವನು, ನನ್ನದು 4 ಬಂದಿದೆ, ನೆಗೆಟಿವ್ ಆದ್ದರಿಂದ ಚಿಂತೆಯಿಲ್ಲ ಎಂದು ಬರೆದದ್ದನ್ನು ಯಾರೂ ಗಮನಿಸಲಿಲ್ಲ. ವಿನಯ್, ನೀನು ಕೆಲಸ ಮಾಡುತ್ತಿರುವುದು ಡಯಾಲಿಸಿಸ್ ವಿಭಾಗದಲ್ಲಿ, ದಿನವಿಡೀ ರಕ್ತದ ನಡುವೆ. ಈ ಪ್ರತಿಕಾಯದ ಪರೀಕ್ಷೆಯಲ್ಲಿ ನೆಗೆಟಿವ್ ಎಂದರೆ ರಕ್ಷಣೆ ಇದೆ ಎಂಬುದು ಖಾತ್ರಿಯಿಲ್ಲ ಎಂದರ್ಥ. ಲಸಿಕೆ ಮುಗಿದ ಒಂದೆರಡು ತಿಂಗಳಲ್ಲಿ ನೀನು ಪರೀಕ್ಷೆ ಮಾಡಿಸಿಕೊಂಡಿರಲಿಲ್ಲವಾದ್ದರಿಂದ, ಆಗ ಏರಿ ಈಗ ಇಳಿದಿದೆಯೋ ಅಥವಾ ಏರಲೇ ಇಲ್ಲವೋ ಎಂದು ಈ 4ನ್ನು ನೋಡಿ ಹೇಳಲಾಗದು. ಇನ್ನೊಂದು ಡೋಸ್ ಹಾಕಿಸಿಕೊಂಡು ಒಂದೆರಡು ತಿಂಗಳ ನಂತರ ಮತ್ತೆ ಪರೀಕ್ಷಿಸಬೇಕು. ಆಗಲೂ 10 ದಾಟದಿದ್ದರೆ ಈ ಎರಡನೆಯ ಸುತ್ತಿನ ಉಳಿದ ಎರಡು ಡೋಸ್ ಮುಗಿಸಿ ಪುನಃ ನೋಡಬೇಕು. ಇಂಜೆಕ್ಷನ್ ತೋಳಿಗೇ ಆಗಬೇಕು. ಸೊಂಟಕ್ಕೆ ಹಾಕಿದರೆ ಈ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಸಿಗರೇಟು ಸೇದುವವರಲ್ಲಿಯೂ ಪ್ರತಿಕಾಯ ಕಡಿಮೆ ಬರುತ್ತದೆ, ಇದನ್ನು ಎಲ್ಲರೆದುರು ಹೇಳಿದ್ದಕ್ಕೆ ಬೇಸರ ಬೇಡ. ಅಲ್ಲಿಯವರೆಗೆ ಸೂಜಿ ಚುಚ್ಚಿದರೆ ಅದೇ ದಿನ ಆಸ್ಪತ್ರೆಯ ಸೋಂಕು ನಿಯಂತ್ರಣ ವಿಭಾಗಕ್ಕೆ ತಿಳಿಸು, ಏಕೆಂದರೆ ಆಗ ಕೊಡಬೇಕಾಗಬಹುದಾದ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಸಾಧ್ಯವಾದರೆ 24 ಗಂಟೆಯೊಳಗೆ ಬೀಳಬೇಕು. ನಿನ್ನ ಹಳೆಯ ಲಸಿಕೆ ಕಾರ್ಡಿನ ಫೋಟೊವನ್ನು ನನಗೊಬ್ಬನಿಗೇ ಕಳುಹಿಸು, ಗುಂಪಿಗೆ ಬೇಡ. ಅಕ್ಕ, ಮೇಘನಾಳ ವರದಿಯನ್ನೂ ಇಲ್ಲಿಂದ ಅಳಿಸಿಬಿಡಿ.