ತಡಿಯಂಡಮೋಳ್ ದಾರಿ: ಒಟ್ಟು ಏರು ಎಷ್ಟು, ಕಡಿದು ಎಲ್ಲಿ?

ಪ್ರಶ್ನೆ

ಕೊಡಗಿನ ನಾಲ್ಕುನಾಡು ಅರಮನೆಯಿಂದ ತಡಿಯಂಡಮೋಳ್ ಬೆಟ್ಟದ (1,748 ಮೀ.) ತುದಿವರೆಗಿನ ಒಂದೇ ಜಿಪಿಎಕ್ಸ್ ಫೈಲನ್ನು (ದಾರಿಯ ಜಿಪಿಎಸ್ ದಾಖಲೆ) ಎರಡು ಆ್ಯಪ್‌ಗೆ ಹಾಕಿದರೆ ಒಟ್ಟು ಏರಿನಲ್ಲಿ 200 ಮೀಟರ್ ವ್ಯತ್ಯಾಸ. ಯಾವುದನ್ನು ನಂಬಲಿ? ವಯಸ್ಸಾದವರೂ ಬರುತ್ತಾರೆ, ಕಡಿದಾದ ಜಾಗ ಮೊದಲೇ ಗೊತ್ತಾಗಬೇಕು.

ಉತ್ತರ 1

ಕಡಿಮೆ ತೋರಿಸುವುದೇ ಸಾಮಾನ್ಯವಾಗಿ ನಿಜಕ್ಕೆ ಹತ್ತಿರ. ಜಿಪಿಎಸ್ ಎತ್ತರ ಪ್ರತಿ ಬಿಂದುವಿನಲ್ಲೂ ಕೆಲವು ಮೀಟರ್ ಮೇಲೆ ಕೆಳಗೆ ಕುಣಿಯುತ್ತದೆ. ಆ್ಯಪ್ ಏರಿದ್ದನ್ನಷ್ಟೇ ಕೂಡುತ್ತ ಹೋಗುವುದರಿಂದ ಈ ಸುಳ್ಳು ಏರುಗಳೆಲ್ಲ ಲೆಕ್ಕಕ್ಕೆ ಸೇರುತ್ತವೆ. 5ರಿಂದ 10 ಮೀಟರಿಗಿಂತ ಸಣ್ಣ ಏರಿಳಿತ ಬಿಟ್ಟು ಲೆಕ್ಕ ಹಾಕಿಸಿ.

ಮೊದಲೇ ಅಳೆದಿಟ್ಟ ಎತ್ತರ ನಕ್ಷೆ ಬಳಸುವ ಆ್ಯಪ್‌ನಲ್ಲಿ ತೊಂದರೆಯೇ ಬೇರೆ. ಎಸ್‌ಆರ್‌ಟಿಎಂ ಎಂಬ ಇಂಥ ನಕ್ಷೆಯ ಎತ್ತರವನ್ನು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. ಕಾಡಿನಲ್ಲಿ, ಸಿಲ್ವರ್ ಓಕ್ ನೆರಳಿನ ಕಾಫಿ ತೋಟದಲ್ಲಿ ಅದಕ್ಕೆ ಸಿಕ್ಕಿದ್ದು ನೆಲಕ್ಕಿಂತ ಮರದ ತಲೆಗೆ ಹತ್ತಿರದ ಎತ್ತರ. ಕಾಡು ಮುಗಿದು ಹುಲ್ಲುಬೆಟ್ಟ ಶುರುವಾಗುವಲ್ಲಿ ಇಲ್ಲದ ಇಳಿಕೆ ಕಾಣುತ್ತದೆ. ಇನ್ನೊಂದು: 30 ಡಿಗ್ರಿ ಇಳಿಜಾರಿನ ಮಗ್ಗುಲಲ್ಲಿ ಟ್ರ್ಯಾಕ್ 20 ಮೀಟರ್ ಪಕ್ಕಕ್ಕೆ ಸರಿದರೂ ಎತ್ತರ ಸುಮಾರು 11.5 ಮೀಟರ್ ತಪ್ಪುತ್ತದೆ.

ಉತ್ತರ 2

ಕಡಿದು ಹುಡುಕಲು ಒಟ್ಟು ಏರಾಗಲಿ ಸರಾಸರಿಯಾಗಲಿ ಸಾಲದು. 6 ಕಿ.ಮೀ.ಗೆ 700 ಮೀ. ಏರು ಎಂದಿಟ್ಟುಕೊಂಡರೆ ಸರಾಸರಿ 12% ಕೂಡ ಇಲ್ಲ, ಆದರೆ ಅದರೊಳಗೆ 40%ನ ಏರು ಅಡಗಿರಬಹುದು. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ತೆಗೆದುಕೊಳ್ಳಿ. ಕಾಂಟೂರ್ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ರೇಖೆ) ಅಂತರ 20 ಮೀಟರ್ ಎಂದು ಅಂಚಿನಲ್ಲಿ ಖಚಿತಪಡಿಸಿಕೊಂಡು, ದಾರಿಯನ್ನು 4 ಮಿ.ಮೀ. ತುಂಡು ಮಾಡಿ. ಒಂದು ತುಂಡು ನೆಲದ ಮೇಲೆ 200 ಮೀಟರ್. ಅದರಲ್ಲಿ ದಾರಿ ಎರಡು ಅಂತರ ಏರಿದರೆ 20%, ನಾಲ್ಕು ಏರಿದರೆ 40%, ಅಂದರೆ ಸುಮಾರು 22 ಡಿಗ್ರಿ. ಹಿರಿಯರಿಗೆ ಇಲ್ಲಿ ಇಳಿಯುವುದೇ ಹೆಚ್ಚು ಕಷ್ಟ, ಮೊಣಕಾಲಿಗೆ.

ದಾರಿ ಕಾಂಟೂರ್ ರೇಖೆಗಳ ಜೊತೆಜೊತೆಗೇ ಸಾಗಿದರೆ ನಡಿಗೆ ಸಮ. ಆದರೆ ಪಕ್ಕದಲ್ಲಿ ರೇಖೆಗಳು ಒತ್ತೊತ್ತಾಗಿದ್ದರೆ ಅದು ಬೆಟ್ಟದ ಮಗ್ಗುಲು, ಮಳೆಗಾಲದಲ್ಲಿ ಜಾರಿದರೆ ಹಿಡಿತ ಸಿಗದು. ರೇಖೆಗಳು ಮೇಲ್ಬದಿಗೆ ಮೊನೆಯಾಗಿ ಬಾಗಿದಲ್ಲಿ ಕಣಿವೆ, ಅಲ್ಲಿ ತೋಡು ಇರಬಹುದೆಂದು ತಿಳಿಯಿರಿ.

ಸಮಯಕ್ಕೆ ನೈಸ್ಮಿತ್ ಲೆಕ್ಕ: 5 ಕಿ.ಮೀ.ಗೆ ಒಂದು ಗಂಟೆ, 600 ಮೀ. ಏರಿಗೆ ಮತ್ತೊಂದು. ಮೇಲಿನ ಉದಾಹರಣೆಗೆ 2 ಗಂಟೆ 22 ನಿಮಿಷ, ವಿಶ್ರಾಂತಿ ಸೇರದೆ. ಅದು ಗಟ್ಟಿಯಾಗಿ ನಡೆಯುವವರ ಲೆಕ್ಕ. ನಿಮ್ಮ ಗುಂಪಿಗೆ ಅರ್ಧದಷ್ಟಾದರೂ ಸೇರಿಸಿ.

ಉತ್ತರ 3

ಕ್ಯೂಜಿಐಎಸ್‌ನಲ್ಲಿ (ನಕ್ಷೆ ತಂತ್ರಾಂಶ) ಇಳಿಜಾರು ನಕ್ಷೆ ಮಾಡುವವರಿಗೆ: ಇಡೀ ಕೊಡಗು 90 ಡಿಗ್ರಿಗೆ ಹತ್ತಿರ ಕಂಡರೆ ಗಾಬರಿ ಬೇಡ. ಅಡ್ಡ ಅಳತೆ ಡಿಗ್ರಿಯಲ್ಲಿ, ಎತ್ತರ ಮೀಟರ್‌ನಲ್ಲಿ ಇರುವುದರಿಂದ ಹಾಗಾಗುತ್ತದೆ. ಮೊದಲು ಎತ್ತರ ನಕ್ಷೆಯನ್ನು ಮೀಟರ್ ಅಳತೆಯ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ, ಆಮೇಲೆ ಇಳಿಜಾರು ಲೆಕ್ಕ ಹಾಕಿಸಿ. ಎತ್ತರ ನಕ್ಷೆಯ 30 ಮೀಟರ್ ಚೌಕದಲ್ಲಿ ಐದಾರು ಮೀಟರಿನ ಬಂಡೆ ಏರು ಕಾಣಿಸುವುದಿಲ್ಲ, ಅದನ್ನು ದಾರಿ ಬಲ್ಲ ಊರಿನವರನ್ನೇ ಕೇಳಬೇಕು.