ಬಾಲಿಯ ಹಳ್ಳಿಯಲ್ಲಿ ಮನೆ ನಿವೇಶನ: ಬಲ್ಲವರು ತಿಳಿಸಿ

ನಮಸ್ಕಾರ. ನನ್ನ ತಂಗಿ ಮದುವೆಯಾಗಿ ಇಂಡೋನೇಷ್ಯಾದ ಬಾಲಿಯಲ್ಲಿ, ಜತಿಲುವಿ ಬಳಿಯ ಹಳ್ಳಿಯಲ್ಲಿದ್ದಾಳೆ. ಮೆಟ್ಟಿಲು ಗದ್ದೆ, ಕೆಂಪಕ್ಕಿ ಬೆಳೆ. ನೀರಿನ ಸರದಿ ಗೊತ್ತುಮಾಡುವುದು ರೈತರದೇ ಸುಬಾಕ್ ಸಂಘ. ನೀರು ಹಾಯುವ ಮೂಲೆಯಲ್ಲಿ ಗರಿಯಿಂದ ಹೆಣೆದ ಪುಟ್ಟ ತಟ್ಟೆಯಲ್ಲಿ ಹೂವಿಡುತ್ತಾರೆ. ಅವಳು ಅಲ್ಲಿಗೆ ಚೆನ್ನಾಗಿ ಹೊಂದಿಕೊಂಡಿದ್ದಾಳೆ.

ಚಿಂತೆ ಆಸ್ತಿಯದು. ಅಲ್ಲಿನ 1960ರ ಭೂಕಾನೂನಿನಂತೆ ವಿದೇಶಿಯರಿಗೆ ಜಮೀನಿನ ಪೂರ್ಣ ಒಡೆತನವಿಲ್ಲ. ಗುತ್ತಿಗೆ ಇಲ್ಲವೇ ಬಳಕೆಯ ಹಕ್ಕು ಮಾತ್ರ. ದಂಪತಿಯ ನಡುವೆ ಆಸ್ತಿ ಪ್ರತ್ಯೇಕವೆಂಬ ಕರಾರಿಲ್ಲದಿದ್ದರೆ ಗಂಡನ ಹೆಸರಿನಲ್ಲಿ ಕೊಳ್ಳುವುದಕ್ಕೂ ತೊಡಕು. ಬೇನಾಮಿಯಾಗಿ ಕೊಳ್ಳಿ ಎಂದು ಮಧ್ಯವರ್ತಿಯೊಬ್ಬ ದುಂಬಾಲು ಬಿದ್ದಿದ್ದಾನೆ, ಖಂಡಿತ ಬೇಡವೆಂದಿದ್ದೇನೆ.

ಮದುವೆಯ ನಂತರ ಅಂಥ ಕರಾರು ಮಾಡಿಸಿಕೊಂಡವರಿದ್ದೀರಾ? ನಂಬಿಕಸ್ತ ನೋಟರಿ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ವಯಸ್ಸಾದ ಅಪ್ಪ ಅಮ್ಮ ಅವಳನ್ನು ನೋಡಲು ಹೊರಟಿದ್ದಾರೆ. ಮಳೆಗಾಲ ಬಿಟ್ಟು ಯಾವ ತಿಂಗಳು ಅನುಕೂಲ ಎಂಬುದನ್ನೂ ಹೇಳಿ.